ಬಾಟಲಿ ಬೆಂಡು ಕಟ್ಟಿ ತೇಡೆ (ಅಳಿವೆಯ ಕ್ಯಾಟ್‌ಫಿಶ್) ಹಿಡಿಯುವುದು: ನಮ್ಮ ಹೊಳೆಗಳಿಗೆ ಒಂದು ಮಾರ್ಗದರ್ಶಿ

ಖಾಲಿ ಕೂಲ್‌ಡ್ರಿಂಕ್ ಬಾಟಲಿಯ ಕತ್ತಿಗೆ ದಾರ ಕಟ್ಟಬೇಕು. ದಾರದ ತುದಿಗೆ ಗಾಳ, ಗಾಳಕ್ಕೆ ಎರೆ. ಅದನ್ನು ಹೊಳೆಯಲ್ಲಿ ತೇಲಿಬಿಟ್ಟು ದೋಣಿಯಲ್ಲಿ ಕೂತು ಕಾಯಬೇಕು. ಮೀನು ಎರೆ ಬಾಯಿಗೆ ಹಾಕಿಕೊಂಡು ಓಡಿದರೆ ಬಾಟಲಿ ಮುಳುಗುತ್ತದೆ, ಮತ್ತೆ ಮೇಲೆ ಬರುತ್ತದೆ, ಹೀಗೆ ಹತ್ತಾರು ಸಲ ಆಗುವಷ್ಟರಲ್ಲಿ ಮೀನು ಸುಸ್ತಾಗಿರುತ್ತದೆ. ಆಮೇಲೆ ನಾವು ಹೋಗಿ ಎತ್ತಿಕೊಳ್ಳುವುದು. ರಾಡ್ ಬೇಡ, ರೀಲ್ ಬೇಡ, ದುಬಾರಿ ಸಾಮಾನು ಯಾವುದೂ ಬೇಡ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದು ಬಹಳ ಹಳೆಯ ಪದ್ಧತಿ. ಅಲ್ಲಿ ಇದಕ್ಕೆ ಜಗ್ ಫಿಶಿಂಗ್ ಅನ್ನುತ್ತಾರೆ. ಹಾಲಿನ ಪ್ಲಾಸ್ಟಿಕ್ ಕ್ಯಾನು, ಸೋಡಾ ಬಾಟಲಿ, ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಂಡು ತೇಲುವ ಫೋಮ್ ಕೊಳವೆ, ಹೀಗೆ ಸಿಕ್ಕಿದ್ದರಲ್ಲೆಲ್ಲ ಬೆಂಡು ಮಾಡಿ ದೊಡ್ಡ ಕೆರೆಗಳಲ್ಲಿ, ನದಿಗಳಲ್ಲಿ ಬ್ಲೂ ಕ್ಯಾಟ್‌ಫಿಶ್, ಚಾನಲ್ ಕ್ಯಾಟ್‌ಫಿಶ್ ಹಿಡಿಯುತ್ತಾರೆ. ಅಲ್ಲಿನ ವಿಡಿಯೋ ನೋಡಿ ಹಾಗೇ ಇಲ್ಲಿ ಮಾಡಲು ಹೋದರೆ ಒಂದು ತೊಂದರೆ ಇದೆ. ಅವರ ನೀರು ಬೇರೆ, ನಮ್ಮ ನೀರು ಬೇರೆ. ಅವರದು ನಿಂತ ನೀರು, ಇಲ್ಲವೇ ಒಂದೇ ಕಡೆಗೆ ಹರಿಯುವ ನೀರು. ಮಂಗಳೂರು, ಉಡುಪಿಯ ಹೊಳೆಗಳಲ್ಲಿ ಸಮುದ್ರಕ್ಕೆ ಹತ್ತಿರದ ಭಾಗವೆಲ್ಲ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನೀರಿನ ಈ ಹೋಗಿಬರುವಿಕೆ ಗೊತ್ತಿಲ್ಲದೆ ಬಾಟಲಿ ಬಿಟ್ಟರೆ ಬಾಟಲಿ, ದಾರ, ಗಾಳ ಎಲ್ಲ ಅಳಿವೆ ದಾಟಿ ಸಮುದ್ರ ಸೇರುತ್ತವೆ. ಹಾಗಾಗಿ ಇಲ್ಲಿ ಬೆಂಡು ಮಾಡುವ ವಿಧಾನದಷ್ಟೇ ಜಾಗ ನೀರಿನ ಲೆಕ್ಕಕ್ಕೂ ಕೊಟ್ಟಿದ್ದೇನೆ.

ಯಾವ ಮೀನಿಗೆ ಇದು

ಮುಖ್ಯವಾಗಿ ತೇಡೆಗೆ. ಉಪ್ಪುನೀರು ಸಿಹಿನೀರು ಕಲೆಯುವ ಕಡೆ ತೇಡೆ ಬರುತ್ತದೆ, ತಳದಲ್ಲಿ ಮೂಗು ಊರಿಕೊಂಡು ಮೀಸೆಯಿಂದ ವಾಸನೆ ಹುಡುಕುತ್ತಾ ತಿರುಗುತ್ತದೆ. ಕಣ್ಣಿಗಿಂತ ಮೀಸೆ ಮತ್ತು ಮೂಗನ್ನೇ ನಂಬುವ ಮೀನು ಅದು. ಕೆಂಪಗೆ ಕದಡಿದ ನೀರಿನಲ್ಲೂ, ಕತ್ತಲಲ್ಲೂ ಎರೆ ಹುಡುಕಿಕೊಂಡು ಬರುವುದು ಅದಕ್ಕೇ. ಕಲ್ಯಾಣಪುರದಿಂದ ಕೆಮ್ಮಣ್ಣು ಕಡೆಗೆ ಸ್ವರ್ಣಾ ಹೊಳೆ, ಉದ್ಯಾವರ ಹೊಳೆ, ಮೂಲ್ಕಿ ಹತ್ತಿರ ಶಾಂಭವಿ, ಪಾವಂಜೆ ಕಡೆ ನಂದಿನಿ, ಕೂಳೂರಿನ ಗುರುಪುರ ಹೊಳೆ, ನೇತ್ರಾವತಿಯ ಕೆಳಭಾಗ, ಎಲ್ಲವೂ ಇಂಥ ನೀರೇ.

ಗದ್ದೆ ತೋಡಿನ ಮುಗುಡಿಗೆ, ಅಂದರೆ ಸಿಹಿನೀರಿನ ಕ್ಯಾಟ್‌ಫಿಶ್‌ಗೆ, ಈ ವಿಧಾನ ಬೇಡ. ಸಣ್ಣ ನೀರಿನಲ್ಲಿ ಬಾಟಲಿ ಬಿಡುವುದಕ್ಕಿಂತ ಎರೆಹುಳು ಸಿಕ್ಕಿಸಿದ ಒಂದು ಕೈಗಾಳ ಸಾಕು. ಅದಲ್ಲದೆ ಮೊದಲ ಮಳೆಗೆ ಮುಗುಡು ಗದ್ದೆಗೆ ಏರುವುದೇ ಮೊಟ್ಟೆ ಇಡಲು. ಆ ಹೊತ್ತಿನಲ್ಲಿ ಅದನ್ನು ಬಿಟ್ಟುಬಿಡಿ. ಕೆರೆಯಲ್ಲಿ ಎಲ್ಲಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಮಾತ್ರ ವಾಪಸ್ ನೀರಿಗೆ ಬಿಡಬೇಡಿ. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ. ಸಿಕ್ಕಿದ ಊರಮೀನನ್ನೆಲ್ಲ ತಿಂದು ಮುಗಿಸುವ ಜಾತಿ ಅದು.

ಬೆಂಡು ಮಾಡುವುದು

2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತಗೊಳ್ಳಿ. ನೀರಿನ ಬಾಟಲಿಯ ಪ್ಲಾಸ್ಟಿಕ್ ತೆಳು, ಒಂದು ಸಲ ಮುಳುಗಿ ಎದ್ದರೆ ನಜ್ಜುಗುಜ್ಜು. ಗ್ಯಾಸ್ ತುಂಬಿದ ಪಾನೀಯದ ಬಾಟಲಿ ದಪ್ಪ, ಅದರ ಕತ್ತಿನ ಕೆಳಗೆ ಒಂದು ಉಂಗುರವೂ ಇರುತ್ತದೆ. ದಾರ ಜಾರದೆ ನಿಲ್ಲಲು ಆ ಉಂಗುರವೇ ಆಧಾರ.

ಎಷ್ಟು ಭಾರ ತಡೆಯುತ್ತದೆ ಅಂತ ಕೇಳಬಹುದು. 2 ಲೀಟರ್ ಖಾಲಿ ಬಾಟಲಿಯನ್ನು ಪೂರ್ತಿ ಮುಳುಗಿಸಲು ಹತ್ತಿರ ಹತ್ತಿರ 2 ಕೆಜಿ ಎಳೆತ ಬೇಕು. ಮೂರು ಕೆಜಿ ಮೀನಾದರೂ ನೀರಿನೊಳಗೆ ಅದರ ಭಾರ ಬಹಳ ಕಡಿಮೆ, ಓಡುವಾಗಿನ ಎಳೆತ ಮಾತ್ರ ಜೋರು. ಬೆಂಡು ಮೀನನ್ನು ಗೋಡೆ ಹಾಗೆ ತಡೆದು ನಿಲ್ಲಿಸಬೇಕಿಲ್ಲ, ಬಿಡದೆ ಮೇಲಕ್ಕೆ ಎಳೆಯುತ್ತಿದ್ದರೆ ಸಾಕು. 5 ಲೀಟರಿನ ಎಣ್ಣೆ ಕ್ಯಾನ್ ಕಟ್ಟುವವರೂ ಇದ್ದಾರೆ. ಅಷ್ಟು ದೊಡ್ಡದು ನಮ್ಮ ತೇಡೆಗೆ ಜಾಸ್ತಿಯಾಯಿತು. ಗಾಳಿ ಹಿಡಿದುಕೊಂಡು ಎಲ್ಲೆಲ್ಲೋ ಹೋಗುತ್ತದೆ, ಮೀನಿನ ಬಾಯಿಯೂ ಹರಿಯುತ್ತದೆ.

ಬಾಟಲಿ ತೊಳೆದು ಒಣಗಿಸಿ. ಮೇಲೆ ಉಪ್ಪುಕಾಗದ ಉಜ್ಜಿ, ಇಲ್ಲದಿದ್ದರೆ ಪೇಂಟ್ ನಿಲ್ಲದೆ ಎರಡೇ ಸಲಕ್ಕೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಆಮೇಲೆ ಕಿತ್ತಳೆ ಅಥವಾ ಬಿಳಿ ಬಣ್ಣ ಬಳಿಯಿರಿ. ಬಣ್ಣ ಇಲ್ಲದ ಬಾಟಲಿ ನೀರಿನಲ್ಲಿ ಕಸದ ಹಾಗೆ ಕಾಣುತ್ತದೆ. ದೋಣಿಯವರು ಗಮನಿಸುವುದಿಲ್ಲ, ಹೊಳೆ ಸ್ವಚ್ಛ ಮಾಡುವ ಹುಡುಗರು ಒಳ್ಳೆಯ ಮನಸ್ಸಿನಿಂದ ಎತ್ತಲು ಹೋಗಿ ಕೈಗೆ ಗಾಳ ಚುಚ್ಚಿಸಿಕೊಳ್ಳಬಹುದು. ಕತ್ತಿನ ಹತ್ತಿರ ಮತ್ತು ತಳದ ಹತ್ತಿರ ಒಂದೊಂದು ಸುತ್ತು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಲಾರಿಯ ಹಿಂದೆ ಅಂಟಿಸುತ್ತಾರಲ್ಲ, ಅದೇ. ರಾತ್ರಿ ಟಾರ್ಚ್ ಬೆಳಕಿಗೆ ದೂರದಿಂದಲೇ ಹೊಳೆಯುತ್ತದೆ. ಪ್ರತಿ ಬಾಟಲಿಗೂ ಅಳಿಸದ ಮಾರ್ಕರ್‌ನಲ್ಲಿ ನಿಮ್ಮ ಹೆಸರು, ಮೊಬೈಲ್ ನಂಬರು, ಜೊತೆಗೆ 1, 2, 3 ಅಂತ ಸಂಖ್ಯೆ ಬರೆಯಿರಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಹೆಸರು ವಿಳಾಸ ಬರೆಯದೆ ಬೆಂಡು ಬಿಡುವುದೇ ಕಾನೂನಿಗೆ ವಿರುದ್ಧ. ಇಲ್ಲಿ ಯಾರೂ ಕೇಳದಿದ್ದರೂ ಬರೆಯಿರಿ. ಸಂಖ್ಯೆ ಇದ್ದರೆ ಯಾವುದು ವಾಪಸ್ ಬಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಒಳಗೆ ಸ್ವಲ್ಪ ನೀರು ಹಾಕುವ ವಿಷಯ. ಮಧ್ಯಾಹ್ನದ ನಂತರ ನಮ್ಮ ಕಡೆ ಪಡುವಣದಿಂದ ಸಮುದ್ರದ ಗಾಳಿ ಶುರುವಾಗುತ್ತದೆ. ಪೂರ್ತಿ ಖಾಲಿ ಬಾಟಲಿ ನೀರಿನ ಮೇಲೆ ಕೂತು ಗಾಳಿಗೆ ಓಡುತ್ತದೆ, ನೀರು ಒಂದು ಕಡೆ ಹೋದರೆ ಬಾಟಲಿ ಇನ್ನೊಂದು ಕಡೆ. ಕಾಲು ಭಾಗದಷ್ಟು, ಅಂದರೆ ಅರ್ಧ ಲೀಟರ್ ನೀರು ಹಾಕಿ ಮುಚ್ಚಿದರೆ ಅದು ತಗ್ಗಾಗಿ ಕೂರುತ್ತದೆ, ನೀರಿನ ಜೊತೆಗೇ ಸಾಗುತ್ತದೆ. ಆಗಲೂ ಒಂದೂವರೆ ಕೆಜಿ ಎಳೆತ ತಡೆಯುತ್ತದೆ. ಮುಚ್ಚಳದ ಥ್ರೆಡ್ಡಿಗೆ ನಲ್ಲಿ ರಿಪೇರಿಯವರು ಸುತ್ತುವ ಟೆಫ್ಲಾನ್ ಟೇಪ್ ನಾಲ್ಕು ಸುತ್ತು ಸುತ್ತಿ ಬಿಗಿ ಮಾಡಿ. ಬಕೆಟ್ ನೀರಿನಲ್ಲಿ ಅದುಮಿ ಹಿಡಿದು ಗುಳ್ಳೆ ಬರುತ್ತದಾ ನೋಡಿ. ಗುಳ್ಳೆ ಬಂದರೆ ಆ ಬಾಟಲಿ ಬೇಡವೇ ಬೇಡ.

ಥರ್ಮಾಕೋಲ್ ಬಳಸಬೇಡಿ. ಹಗುರ, ಸುಲಭ, ನಿಜ. ಆದರೆ ಅದು ಒಡೆದು ಕಾಳು ಕಾಳಾಗಿ ಹೊಳೆ ತುಂಬಾ ಹರಡುತ್ತದೆ, ಆಮೇಲೆ ಯಾರಿಂದಲೂ ಹೆಕ್ಕಲು ಸಾಧ್ಯವಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಬಾಟಲಿಯೂ ಗಡಸಾಗಿ ಬಿರುಕು ಬಿಡುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಬಲೆಗೆ ಬೆಂಡು ಮಾಡುವುದು ಕರಾವಳಿಯಲ್ಲಿ ಎಲ್ಲರೂ ನೋಡಿದ್ದೇ. ಅದರ ಒಂದು ತುಂಡನ್ನು ಬಾಟಲಿಗೆ ಕಟ್ಟಿಕೊಳ್ಳಿ. ಕೆಲಸ ಇಲ್ಲದಾಗ ಗಾಳದ ಮೊನೆ ಚುಚ್ಚಿಡಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದಾರ, ಸೀಸ, ಗಾಳ

ಮುಖ್ಯ ದಾರಕ್ಕೆ 2 ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಹುರಿ. ಮಂಗಳೂರಿನ ಬಂದರಿನಲ್ಲೋ ಮಲ್ಪೆಯಲ್ಲೋ ಬಲೆ ಸಾಮಾನಿನ ಅಂಗಡಿಗೆ ಹೋಗಿ ಕೇಳಿದರೆ ಕೊಡುತ್ತಾರೆ. ತೆಳ್ಳಗಿನ ತಂಗೂಸನ್ನು (ಒಂದೇ ಎಳೆಯ ನೈಲಾನ್ ದಾರ) ಇದಕ್ಕೆ ಬಳಸಬೇಡಿ. ಮೀನು ಎಳೆಯುವಾಗ ಅದನ್ನು ಬರಿಗೈಯಲ್ಲಿ ಹಿಡಿದರೆ ಅಂಗೈ ಕೊಯ್ಯುತ್ತದೆ.

ಹುರಿಯ ಕೊನೆಗೆ ಒಂದು ಸ್ವಿವೆಲ್ (ಎರಡೂ ತುದಿ ಬೇರೆ ಬೇರೆಯಾಗಿ ತಿರುಗುವ ಲೋಹದ ಕೊಂಡಿ) ಕಟ್ಟಿ. ತೇಡೆ ಸಿಕ್ಕಿದ ಮೇಲೆ ಸುಮ್ನೆ ಇರುವ ಮೀನಲ್ಲ, ಉರುಳುತ್ತದೆ. ಸ್ವಿವೆಲ್ ಇಲ್ಲದಿದ್ದರೆ ದಾರ ತಿರುಚಿ ತಿರುಚಿ ಗಂಟಾಗುತ್ತದೆ. ಸ್ವಿವೆಲ್‌ನಿಂದ ಆಚೆಗೆ ಅರ್ಧ ಮೀಟರ್ ದಪ್ಪ ತಂಗೂಸು, 0.8 ಮಿಲಿಮೀಟರ್‌ನದು. ಅದರ ತುದಿಗೆ ಗಾಳ.

ಗಾಳ ಮಾತ್ರ ಸರ್ಕಲ್ ಹುಕ್ಕೇ ಆಗಬೇಕು. ಮಾಮೂಲಿ ಗಾಳದಲ್ಲಿ ಮೀನು ಕಚ್ಚಿದ ಕ್ಷಣಕ್ಕೆ ನಾವು ಕೈ ಎಳೆದು ಚುಚ್ಚಿಸುತ್ತೇವೆ. ಇಲ್ಲಿ ಎಳೆಯಲು ಯಾರಿದ್ದಾರೆ? ಸರ್ಕಲ್ ಹುಕ್ಕಿನ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ಎರೆ ಬಾಯಿಗೆ ಹಾಕಿ ತಿರುಗಿ ಹೊರಟಾಗ ಬೆಂಡಿನ ಎಳೆತಕ್ಕೆ ಗಾಳ ಜಾರಿ ಬಂದು ಬಾಯಿಯ ಮೂಲೆಗೆ ತಾನಾಗಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯವರೆಗೆ ನುಂಗುವುದು ಅಪರೂಪ, ಹಾಗಾಗಿ ಸಣ್ಣ ಮೀನು ಸಿಕ್ಕಿದರೆ ಜೀವಂತ ಬಿಡಿಸಿ ಬಿಡಬಹುದು. ನಮ್ಮ ಅಳಿವೆಯ ತೇಡೆಗೆ 2/0 ರಿಂದ 4/0 ಸೈಜು ಸಾಕು. ಅಮೆರಿಕದವರು ಹೇಳುವ 7/0, 8/0 ಅಲ್ಲಿನ ದೊಡ್ಡ ಮೀನಿಗೆ.

ಗಂಟು ಹೀಗೆ: ಗಾಳದ ಕಣ್ಣಿನಲ್ಲಿ ತಂಗೂಸು ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಹತ್ತಿರ ಉಂಟಾದ ಸಣ್ಣ ಕುಣಿಕೆಯೊಳಗೆ ತೂರಿಸಿ, ಈಗ ಆದ ದೊಡ್ಡ ಕುಣಿಕೆಯೊಳಗೂ ಒಮ್ಮೆ ತೂರಿಸಿ, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿ ಮಾಡಿ. ಒಣ ತಂಗೂಸನ್ನು ಜೋರಾಗಿ ಎಳೆದರೆ ಗಂಟಿನ ಜಾಗದಲ್ಲೇ ಸುಟ್ಟು ದುರ್ಬಲವಾಗುತ್ತದೆ.

ಎರೆ

ತೇಡೆಗೆ ವಾಸನೆ ಮುಖ್ಯ. ಬೂತಾಯಿ (ಸಾರ್ಡೀನ್) ಮೀನಿನಷ್ಟು ಎಣ್ಣೆ ವಾಸನೆ ಬೇರೆ ಯಾವುದಕ್ಕೂ ಇಲ್ಲ, ಆದರೆ ಅದು ಮೆತ್ತಗೆ, ಗಾಳದಿಂದ ಬೇಗ ಕಳಚುತ್ತದೆ. ಹಿಂದಿನ ರಾತ್ರಿಯೇ ತುಂಡು ಮಾಡಿ ಕಲ್ಲುಪ್ಪು ಬೆರೆಸಿ ಇಟ್ಟರೆ ನೀರು ಬಿಟ್ಟು ಗಟ್ಟಿಯಾಗುತ್ತದೆ. ಬಂಗುಡೆ ಇನ್ನೂ ಗಟ್ಟಿ. ಒಂದು ಬಂಗುಡೆಗೆ ಮೂರು ನಾಲ್ಕು ತುಂಡು. ಎಟ್ಟಿ (ಸೀಗಡಿ) ಚೆನ್ನಾಗಿ ನಡೆಯುತ್ತದೆ, ಆದರೆ ಸಣ್ಣ ಮೀನುಗಳೆಲ್ಲ ಸೇರಿ ಐದೇ ನಿಮಿಷದಲ್ಲಿ ಕಿತ್ತು ತಿನ್ನುತ್ತವೆ. ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ. ಕೋಳಿ ಅಂಗಡಿಯ ಕರುಳನ್ನು ನೂಲಿನಿಂದ ಸುತ್ತಿ ಕಟ್ಟಬಹುದು. ನನಗೆ ಇಷ್ಟವಾದದ್ದು ಉಪ್ಪು ಹಾಕಿದ ಬಂಗುಡೆ, ಅದರಲ್ಲೂ ಹೊಟ್ಟೆಯ ಭಾಗ.

ಏನೇ ಹಾಕಿದರೂ ಗಾಳದ ಮೊನೆ ಹೊರಗೆ ಕಾಣಬೇಕು. ಮೊನೆಯನ್ನು ಎರೆಯೊಳಗೆ ಮುಚ್ಚಿಟ್ಟರೆ ಸರ್ಕಲ್ ಹುಕ್ ಕೆಲಸ ಮಾಡುವುದಿಲ್ಲ. ತಳಕ್ಕೆ ತಾಗುವ ಹಾಗೆ ಬಿಡಬೇಡಿ, ಏಡಿ ಬಂದು ಎರೆ ಖಾಲಿ ಮಾಡುತ್ತದೆ. ತಳದಿಂದ ಒಂದು ಮೊಳ ಮೇಲೆ ಇದ್ದರೆ ತೇಡೆಗೆ ಸಿಗುತ್ತದೆ, ಏಡಿಗೆ ಸಿಗುವುದಿಲ್ಲ.

ನೀರು ನೋಡುವುದು

ಇದು ಸರಿಯಾಗಿ ಗೊತ್ತಿರಬೇಕು ಮಾರಾಯ್ರೆ.

ನಮ್ಮಲ್ಲಿ ಉಬ್ಬರ ಸುಮಾರು ಆರು ಗಂಟೆ, ಇಳಿತ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ನಮ್ಮ ಕರಾವಳಿಯಲ್ಲಿ ಆಗ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟಮಿಯ ಆಸುಪಾಸು ಕಡಿಮೆ. ನವಮಂಗಳೂರು ಬಂದರಿನ ಉಬ್ಬರ ಇಳಿತದ ಹೊತ್ತು ಮೊಬೈಲಿನಲ್ಲೇ ನೋಡಬಹುದು. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಅದನ್ನೂ ಸಮುದ್ರದ ಎಚ್ಚರಿಕೆಗಳನ್ನೂ ಕೊಡುತ್ತದೆ. ಅದು ಬಂದರಿನ ಹೊತ್ತು ಅಂತ ಮಾತ್ರ ನೆನಪಿರಲಿ. ಹೊಳೆಯಲ್ಲಿ ಒಳಗೆ ಹೋದಷ್ಟೂ ತಡವಾಗುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಅಂತ ತಿಳಿಯಲು ದಡದಲ್ಲಿ ಒಂದು ಕೋಲು ನೆಟ್ಟು ನೋಡಿ, ಇಲ್ಲವೇ ಅಲ್ಲೇ ಬಲೆ ಹಾಕುವ ಹಿರಿಯರ ಹತ್ತಿರ ಕೇಳಿ. ಅವರಿಗೆ ತಿಥಿ ಹೇಳಿದರೆ ಸಾಕು, ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ಬಾಯಿಯಲ್ಲೇ ಹೇಳುತ್ತಾರೆ.

ಬೆಂಡು ಬಿಡುವುದರಲ್ಲಿ ಎರಡು ವಿಧ. ತೇಲಿ ಹೋಗುವುದು ಒಂದು, ಕಲ್ಲು ಕಟ್ಟಿ ನಿಲ್ಲಿಸುವುದು ಇನ್ನೊಂದು.

ತೇಲಿಬಿಡುವುದಾದರೆ ನೀರು ಏರುವಾಗ ಮಾತ್ರ ಬಿಡಿ. ಉಬ್ಬರ ಶುರುವಾಗಿ ಒಂದು ಗಂಟೆ ಆದ ಮೇಲೆ ಕೆಳಗಿನಿಂದ ಬಿಟ್ಟರೆ ಬಾಟಲಿಗಳು ನಿಧಾನಕ್ಕೆ ಹೊಳೆಯ ಒಳಕ್ಕೆ, ಸಮುದ್ರದಿಂದ ದೂರಕ್ಕೆ ಹೋಗುತ್ತವೆ. ನೀರು ತುಂಬಿ ನಿಲ್ಲುವ ಹೊತ್ತಿಗೆ ಎಲ್ಲವನ್ನೂ ಎತ್ತಿಬಿಡಬೇಕು. ಇಳಿತದಲ್ಲಿ ಬಿಟ್ಟರೆ ಅವು ಹೋಗುವುದು ಅಳಿವೆ ಬಾಗಿಲಿಗೆ. ನೇತ್ರಾವತಿ ಮತ್ತು ಗುರುಪುರ ಹೊಳೆ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ, ಸ್ವರ್ಣಾ ಮತ್ತು ಸೀತಾ ಕೋಡಿಬೆಂಗ್ರೆಯಲ್ಲಿ. ಆ ಬಾಗಿಲುಗಳಲ್ಲಿ ಇಳಿತದ ನೀರು ಎದುರಿನ ಅಲೆಗೆ ಡಿಕ್ಕಿ ಹೊಡೆಯುವ ಜಾಗ ಸಣ್ಣ ದೋಣಿಗೆ ಬಹಳ ಅಪಾಯ. ಒಂದು ಬಾಟಲಿ ಹಿಂದೆ ಅಲ್ಲಿಗೆ ಹೋಗಬೇಡಿ. ಹಾಗೆ ಹೋಗುವ ಪರಿಸ್ಥಿತಿಯೇ ಬಾರದ ಹಾಗೆ ಬಿಡುವ ಹೊತ್ತು ಆರಿಸಿಕೊಳ್ಳಿ.

ತೇಲುವ ಬೆಂಡಿಗೆ ದಾರದ ಉದ್ದ ಆ ಭಾಗದ ಆಳಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಎರಡೂವರೆ ಮೀಟರ್ ಆಳ ಇದ್ದರೆ ಬೆಂಡಿನಿಂದ ಗಾಳದವರೆಗೆ ಒಟ್ಟು 2 ಮೀಟರ್. ಸ್ವಿವೆಲ್‌ನ ಮೇಲೆ 40 ರಿಂದ 50 ಗ್ರಾಂ ಸೀಸ. ಆಳ ಅಳೆಯಲು ಹುರಿಗೆ ಕಲ್ಲು ಕಟ್ಟಿ ಇಳಿಸಿ ನೋಡಿದರೆ ಆಯಿತು.

ನಿಲ್ಲಿಸುವ ಬೆಂಡಿಗೆ ಕೆಳಗೆ ಒಂದೂವರೆ ಎರಡು ಕೆಜಿ ಭಾರ ಬೇಕು. ಕೆಂಪುಕಲ್ಲಿನ ತುಂಡು ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಒರಟು ಅಂಚಿಗೆ ಹುರಿ ಉಜ್ಜಿ ಸವೆಯುತ್ತದೆ. ಹಳೆಯ ಪ್ಲಾಸ್ಟಿಕ್ ಬಟ್ಟಲಿಗೆ ಸಿಮೆಂಟ್ ಜಲ್ಲಿ ಹಾಕಿ, ಮಧ್ಯೆ ದಪ್ಪ ತಂತಿಯ ಕುಣಿಕೆ ನೆಟ್ಟು ಒಣಗಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಹುರಿಯಲ್ಲಿ, ಭಾರದಿಂದ ಒಂದು ಮೀಟರ್ ಮೇಲೆ, ಒಂದು ಕುಣಿಕೆ ಹಾಕಿ ಅಲ್ಲಿಗೆ ಸ್ವಿವೆಲ್ ಮತ್ತು ಗಾಳದ ತಂಗೂಸು ಕಟ್ಟಿ. ತಂಗೂಸು ಇಳಿಬಿದ್ದರೂ ಎರೆ ತಳಕ್ಕೆ ತಾಗಬಾರದು. ಹುರಿಯ ಉದ್ದ ಮಾತ್ರ ಉಬ್ಬರದ ಆಳಕ್ಕೆ ಲೆಕ್ಕ ಹಾಕಬೇಕು. ಇಳಿತದಲ್ಲಿ 2 ಮೀಟರ್ ಇದ್ದ ಜಾಗ ಹುಣ್ಣಿಮೆಯ ಉಬ್ಬರಕ್ಕೆ ಮೂರೂವರೆ ಆಗಬಹುದು. ಹುರಿ ಗಿಡ್ಡವಾದರೆ ಬೆಂಡು ಭಾರವನ್ನು ತಳದಿಂದ ಎತ್ತಿಕೊಂಡು ತೇಲಿ ಹೋಗಬಹುದು. ಉಬ್ಬರದ ಆಳಕ್ಕೆ ಇನ್ನೊಂದು ಮೀಟರ್ ಸೇರಿಸಿ ಕಟ್ಟಿ. ಹೊಸಬರು ನಿಲ್ಲಿಸುವ ಬೆಂಡಿನಿಂದಲೇ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಿಟ್ಟ ಜಾಗದಲ್ಲೇ ಇರುತ್ತದೆ, ಕಣ್ಣು ಹಾಯಿಸಿದರೆ ಸಾಕು.

ಜಾಗ ಆರಿಸುವಾಗ ಹೊಳೆಯ ತಿರುವಿನ ಹೊರಬದಿ ನೋಡಿ, ಅಲ್ಲಿ ನೀರು ಕೊರೆದು ಆಳ ಇರುತ್ತದೆ. ಸಣ್ಣ ತೋಡು ಬಂದು ಹೊಳೆಗೆ ಸೇರುವ ಬಾಯಿ, ಸೇತುವೆ ಕಂಬದ ಹಿಂದಿನ ನಿಧಾನ ನೀರು, ಮರಳು ತೆಗೆದು ಆದ ಗುಂಡಿಯ ಅಂಚು ಕೂಡ ಆಗುತ್ತದೆ. ಫೆರಿ, ಬಾರ್ಜ್ ಓಡಾಡುವ ದಾರಿ ಬಿಟ್ಟುಬಿಡಿ. ಸುಲ್ತಾನ್ ಬತ್ತೇರಿ ತಣ್ಣೀರುಬಾವಿ ನಡುವೆ, ಕೋಡಿಬೆಂಗ್ರೆ ಹಂಗಾರಕಟ್ಟೆ ನಡುವೆ ಜನ ಓಡಾಡುವ ನೀರಿನಲ್ಲಿ ಹುರಿ ಬಿಟ್ಟರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಪಂಜರದಲ್ಲಿ ಮೀನು ಸಾಕುವ ಕಡೆ, ಪಚ್ಚಿಲೆ (ಚಿಪ್ಪುಮೀನು) ಬೆಳೆಸುವ ಕಡೆ ಹತ್ತಿರವೂ ಹೋಗಬೇಡಿ. ತುಂಬೆ ಅಣೆಕಟ್ಟಿನ ನೀರು ಮಂಗಳೂರಿಗೆ, ಬಜೆಯ ನೀರು ಉಡುಪಿಗೆ ಕುಡಿಯಲು. ಅಲ್ಲಿ ಕೋಳಿ ಕರುಳು ಹಾಕಿ ಮೀನು ಹಿಡಿಯುವ ಯೋಚನೆ ಬೇಡ. ಉಪ್ಪುನೀರು ತಡೆಯಲು ಹಲಗೆ ಹಾಕಿದ ಕಿಂಡಿ ಅಣೆಕಟ್ಟಿನ ಬುಡದಲ್ಲಿ ಮೀನು ಸೇರುವುದು ನಿಜ, ಆದರೆ ಅಲ್ಲಿ ನೀರಿನ ಸುಳಿ ಇರುತ್ತದೆ, ದಡದಿಂದ ಗಾಳ ಹಾಕಿ, ದೋಣಿ ಬೇಡ.

ಬಿಡುವುದು, ಕಾಯುವುದು

ಇಬ್ಬರಾದರೂ ಹೋಗಿ. ಒಬ್ಬರು ಹುಟ್ಟು ಹಾಕಲು, ಒಬ್ಬರು ಬೆಂಡು ಎತ್ತಲು. ಇಬ್ಬರಿಗೂ ಲೈಫ್ ಜಾಕೆಟ್, ಈಜು ಬಂದರೂ ಸರಿ. ಶುರುವಿಗೆ ಐದು ಬೆಂಡು ಸಾಕು. ಹುರಿಯನ್ನು ಬಾಟಲಿಯ ಸೊಂಟಕ್ಕೆ ಸುತ್ತಿ, ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ಉಂಗುರ ಹಾಕಿ ಇಟ್ಟುಕೊಂಡರೆ ಗೋಜಲಾಗುವುದಿಲ್ಲ. ಬಿಡುವಾಗ ಮೊದಲು ಗಾಳ, ಆಮೇಲೆ ಭಾರ, ಕೊನೆಗೆ ಬಾಟಲಿ. ಭಾರವನ್ನು ಎಸೆಯಬೇಡಿ, ಕೈಯಿಂದ ಇಳಿಸಿ. ಎಸೆದರೆ ಗಾಳ ಹಾರಿ ಯಾರಿಗಾದರೂ ಚುಚ್ಚುತ್ತದೆ. ಒಂದಕ್ಕೊಂದು ಇಪ್ಪತ್ತು ಮೀಟರ್ ದೂರ ಇರಲಿ. ಬೇರೆಯವರ ಬಲೆ ಇದ್ದರೆ ಅವರನ್ನು ಕೇಳಿಯೇ ಬಿಡಿ. ಹೊಳೆ ಅವರ ಹೊಟ್ಟೆಪಾಡು.

ಸಂಜೆ 5ರ ನಂತರ ಕತ್ತಲಾಗಿ ಎರಡು ಮೂರು ಗಂಟೆಯವರೆಗೆ ಒಳ್ಳೆಯ ಹೊತ್ತು, ಅದರಲ್ಲೂ ನೀರು ತಿರುಗುವ ಸಮಯ ಅದಕ್ಕೆ ಕೂಡಿಬಂದರೆ. ಬೆಂಡು ಸುಮ್ನೆ ಕುಣಿಯುವುದು ಸಣ್ಣ ಮೀನೋ ಏಡಿಯೋ ಎರೆ ಕೀಳುತ್ತಿರುವುದರಿಂದ. ಆಗ ಹೋಗಬೇಡಿ. ತೇಲುವ ಬೆಂಡು ನೀರು ಹೋಗುವ ದಿಕ್ಕಿಗೆ ಅಡ್ಡವಾಗಿಯೋ ಎದುರಾಗಿಯೋ ಓಡಿತು ಅಂದರೆ ಅದು ಮೀನು. ನಿಲ್ಲಿಸಿದ ಬೆಂಡು ಒಮ್ಮೆ ಮುಳುಗಿ ಎದ್ದು ಮತ್ತೆ ಮುಳುಗಿದರೂ ಮೀನೇ. ತಕ್ಷಣ ಓಡಿ ಎತ್ತಬೇಡಿ, ಸ್ವಲ್ಪ ಹೊತ್ತು ಬೆಂಡು ತನ್ನ ಕೆಲಸ ಮಾಡಲಿ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎಲ್ಲ ಎರೆಯನ್ನೂ ನೋಡಿ ಬದಲಿಸಿ.

ರಾತ್ರಿ ಬಿಟ್ಟು ಮನೆಗೆ ಹೋಗಿ ಬೆಳಿಗ್ಗೆ ಬರುವವರಿದ್ದಾರೆ. ನಾನು ಅದಕ್ಕೆ ಪೂರ್ತಿ ವಿರೋಧ. ನಮ್ಮ ಹೊಳೆಗಳಲ್ಲಿ ನೀರುನಾಯಿ ಇವೆ, ಆಮೆ ಇವೆ. ಗಾಳಕ್ಕೆ ಸಿಕ್ಕಿದ ಮೀನನ್ನು ಹಿಡಿಯಲು ಬಂದ ನೀರುನಾಯಿ ಹುರಿಗೆ ಸುತ್ತಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲ. ಹುರಿ ಕಡಿದುಹೋದ ಬೆಂಡು ಗಾಳ ಸಮೇತ ತಿಂಗಳುಗಟ್ಟಲೆ ತಿರುಗುತ್ತಾ ಇರುತ್ತದೆ. ಕಣ್ಣೆದುರು ಇರುವಷ್ಟನ್ನೇ ಬಿಡಿ, ಐದು ಬಿಟ್ಟರೆ ಐದೂ ದೋಣಿಗೆ ವಾಪಸ್ ಬರಬೇಕು.

ಎತ್ತುವುದು, ಮುಳ್ಳಿನ ವಿಷಯ

ಎಂಜಿನ್ ಇದ್ದರೆ ದೂರದಲ್ಲೇ ಆಫ್ ಮಾಡಿ, ಹುಟ್ಟು ಹಾಕಿ ಹತ್ತಿರ ಹೋಗಿ. ಮೊದಲು ಬಾಟಲಿ ಹಿಡಿದು, ಆಮೇಲೆ ಹುರಿಯನ್ನು ಕೈ ಮೇಲೆ ಕೈ ಇಟ್ಟು ಎಳೆಯಿರಿ. ಕೈಗೆ ಹುರಿ ಸುತ್ತಿಕೊಳ್ಳಬೇಡಿ. ಮೀನು ಮತ್ತೆ ಓಡಿದರೆ ಹುರಿ ಬಿಟ್ಟುಬಿಡಿ, ಬೆಂಡು ಎಲ್ಲಿಗೆ ಹೋಗುತ್ತದೆ?

ತೇಡೆಗೆ ಮೂರು ಮುಳ್ಳು. ಬೆನ್ನ ಮೇಲೆ ಒಂದು, ಎರಡು ಪಕ್ಕದಲ್ಲಿ ಒಂದೊಂದು. ಗರಗಸದ ಹಾಗೆ ಹಲ್ಲಿದ್ದು, ಮೇಲಿನ ಪೊರೆಯಲ್ಲಿ ವಿಷ ಇರುತ್ತದೆ. ಹೆದರಿದಾಗ ಮೂರನ್ನೂ ನಿಗುರಿಸಿ ಬಿಗಿ ಹಿಡಿಯುತ್ತದೆ, ಗೊರ್ ಗೊರ್ ಅಂತ ಸದ್ದೂ ಮಾಡುತ್ತದೆ. ಬಲೆಯಲ್ಲಿ ಎತ್ತಿದರೆ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿ ಬಿಡಿಸಲು ಸಾಕುಸಾಕಾಗುತ್ತದೆ. ತಂಗೂಸು ಹಿಡಿದೇ ದೋಣಿಗೆ ಎತ್ತಿ, ಅದರ ಮೇಲೆ ಒದ್ದೆ ಗೋಣಿ ಹಾಕಿ ಅದುಮಿ. ಉದ್ದ ಇಕ್ಕಳದಿಂದ ಮೊದಲು ಮುಳ್ಳುಗಳನ್ನು ಬುಡದಲ್ಲಿ ಮುರಿಯಿರಿ, ಆಮೇಲೆ ಗಾಳ ಬಿಡಿಸಿ. ವಾಪಸ್ ಬಿಡುವ ಮೀನಾದರೆ ಮುಳ್ಳು ಮುರಿಯಬೇಡಿ, ಗಾಳ ಮಾತ್ರ ತೆಗೆಯಿರಿ. ಕಾಲಿಗೆ ಚಪ್ಪಲಿ ಅಲ್ಲ, ಬೂಟು. ದೋಣಿಯ ತಳದಲ್ಲಿ ಬಿದ್ದ ತೇಡೆಯನ್ನು ತುಳಿಯುವುದೇ ಹೆಚ್ಚು. ಹಾವಿನ ಹಾಗೆ ಬಾಲ ಉದ್ದಕ್ಕೆ ಸಪೂರವಾಗಿರುವ ಜಾತಿಯೊಂದು ಬಂದರೆ ಅದರ ವಿಷ ಇನ್ನೂ ಜೋರು. ಮುಟ್ಟಲೇ ಬೇಡಿ, ತಂಗೂಸು ಕತ್ತರಿಸಿ ಬಿಡಿ.

ಚುಚ್ಚಿದರೆ ಏನು ಮಾಡಬೇಕು? ಸೋಪುನೀರಿನಲ್ಲಿ ತೊಳೆದು, ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ನೀರಿನ ಬಿಸಿ 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೋವಿರುವ ಕೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನೊಂದು ಕೈಯಿಂದ ಪರೀಕ್ಷಿಸಿ. ಈ ವಿಷ ಬಿಸಿಗೆ ಕೆಡುತ್ತದೆ, ಹಾಗಾಗಿ ನೋವು ಇಳಿಯುತ್ತದೆ. ಮಂಜುಗಡ್ಡೆ ಇಡಬೇಡಿ. ಒಂದು ಫ್ಲಾಸ್ಕ್ ಬಿಸಿನೀರು ದೋಣಿಯಲ್ಲಿ ಇಟ್ಟುಕೊಳ್ಳುವುದು ಅದಕ್ಕೇ. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ, ಉಸಿರಾಟಕ್ಕೆ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ. ಟಿಟಿ ಚುಚ್ಚುಮದ್ದು ಬೇಕಾ ಅಂತ ವೈದ್ಯರನ್ನು ಕೇಳಿ.

ಎಷ್ಟು ಹಿಡಿಯಬೇಕು

ಗಂಡು ತೇಡೆ ಮೊಟ್ಟೆಗಳನ್ನು ಬಾಯಿಯಲ್ಲಿ ಇಟ್ಟುಕೊಂಡು ಮರಿ ಮಾಡುತ್ತದೆ. ಗೋಲಿ ಗಾತ್ರದ ಮೊಟ್ಟೆಗಳು, ಬಾಯಿ ತುಂಬಾ. ವಾರಗಟ್ಟಲೆ ಅದು ಏನೂ ತಿನ್ನುವುದಿಲ್ಲ. 1970ರ ದಶಕದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಲೆ (ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಬಂದ ಮೇಲೆ ಹೀಗೆ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ಗಂಡುಗಳ ಗುಂಪಿಗೆ ಗುಂಪೇ ಬಲೆಗೆ ಬಿದ್ದವು, ಆಮೇಲೆ ಸಮುದ್ರದಲ್ಲಿ ತೇಡೆ ಬಹಳ ಕಡಿಮೆಯಾಯಿತು. ಬೇರೆ ಮೀನುಗಳು ಸಾವಿರಾರು ಮೊಟ್ಟೆ ಹಾಕಿದರೆ ತೇಡೆ ಹಾಕುವುದು ಬಹಳ ಕಡಿಮೆ. ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು ಬಹಳ ಕಾಲ ಬೇಕು. ಬಾಯಲ್ಲಿ ಮೊಟ್ಟೆಯೋ ಮರಿಯೋ ಇರುವ ತೇಡೆ ಹೇಗಾದರೂ ಸಿಕ್ಕಿದರೆ ನೀರಿನಿಂದ ಮೇಲೆತ್ತದೆ ಅಲ್ಲೇ ಬಿಡಿ. ಎತ್ತಿದರೆ ಗಾಬರಿಗೆ ಮೊಟ್ಟೆ ಉಗುಳಿಬಿಡುತ್ತದೆ. ಒಂದು ಮನೆಯ ಸಾರಿಗೆ ಆಗುವಷ್ಟು ಸಿಕ್ಕಿದರೆ ಬೆಂಡು ಎತ್ತಿಬಿಡಿ.

ಒಳನಾಡು ನೀರಿನ ಮೀನುಗಾರಿಕೆಗೆ ಕರ್ನಾಟಕದಲ್ಲಿ 1996ರ ಕಾಯ್ದೆ ಇದೆ. ಲೈಸೆನ್ಸ್ ಬೇಕಾ, ಆ ಭಾಗ ಯಾರಿಗಾದರೂ ಗುತ್ತಿಗೆ ಆಗಿದೆಯಾ ಅಂತ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ದೇವಸ್ಥಾನಗಳ ಮತ್ಸ್ಯಧಾಮಗಳಲ್ಲಿ ಮೀನು ಮುಟ್ಟುವ ಹಾಗೇ ಇಲ್ಲ. ಜೂನ್, ಜುಲೈನಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ದೋಣಿ ಇಳಿಸಬೇಡಿ. ಆಗ ಉಬ್ಬರದಲ್ಲೂ ನೀರು ಹೊರಕ್ಕೇ ಹೋಗುತ್ತಿರಬಹುದು, ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊಳೆ ಶಾಂತ, ಕಲಿಯಲು ಅದೇ ಸಮಯ.

ಮನೆಗೆ ಬಂದ ಮೇಲೆ

ತೇಡೆಗೆ ಹುರುಪೆ ಇಲ್ಲ, ಮೈತುಂಬಾ ಲೋಳೆ. ಒಲೆಯ ಬೂದಿ ಹಚ್ಚಿ ಉಜ್ಜಿದರೆ ಚೆನ್ನಾಗಿ ಹೋಗುತ್ತದೆ. ಬೂದಿ ಇಲ್ಲದ ಮನೆಯಲ್ಲಿ ಕಲ್ಲುಪ್ಪು ಮತ್ತು ಹುಣಸೆಹಣ್ಣು. ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ, ಹೊಟ್ಟೆಯ ಹಳದಿ ಕೊಬ್ಬು ತೆಗೆಯಿರಿ, ಕೆಸರು ವಾಸನೆ ಬರುವುದು ಅದರಿಂದಲೇ ಜಾಸ್ತಿ. ಮುರಿದ ಮುಳ್ಳುಗಳನ್ನು ಕಾಗದದಲ್ಲಿ ಸುತ್ತಿ ಹೂತುಹಾಕಿ, ಸತ್ತ ಮೀನಿನ ಮುಳ್ಳೂ ಚುಚ್ಚಿದರೆ ನೋಯುತ್ತದೆ. ಪುಳಿಮುಂಚಿಗೆ ಹೇಳಿ ಮಾಡಿಸಿದ ಮೀನು ಇದು, ಹುಳಿ ಖಾರ ಎರಡೂ ಚೂರು ಮುಂದೆ ಇರಬೇಕು.

ಬೆಂಡು, ಹುರಿ, ಸ್ವಿವೆಲ್ ಎಲ್ಲವನ್ನೂ ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಉಳಿದರೆ ಗಾಳ ವಾರದೊಳಗೆ ತುಕ್ಕು ಹಿಡಿಯುತ್ತದೆ. ಮೊನೆ ಉಗುರಿನ ಮೇಲೆ ಇಟ್ಟು ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಬದಲಿಸಿ. ಉಜ್ಜಿ ಒರಟಾದ ತಂಗೂಸು ಕತ್ತರಿಸಿ ಹೊಸದು ಕಟ್ಟಿ, ಗಾಳ ಚಪ್ಪಲಿ ತುಂಡಿಗೆ ಚುಚ್ಚಿ, ಹುರಿ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಇಡಿ.